ಅಡಿಕೆ ಸಂಚಿಯೊಳಗಿನ ಗುಳಿಗೆ

ತೆಲುಗು ಸೀಮೆಯ ನಾರಾಯಣಗೂಡಕ್ಕೆ ಸೊಸೆಯಾಗಿ ಬಂದು ಅರ್ಧ ಶತಮಾನ ಕಳೆದರೂ ನಲಿನಿಬಾಯಿ ತೆಲುಗು ಮಾತಾಡಿದ್ದನ್ನು ಕೇಳಿದವರಿಲ್ಲ. ಕೊನೆಗೆ ತರಕಾರಿಯವನೇ ಸೋತು ಬದನೆಕಾಯಿ, ಹೀರೇಕಾಯಿ ಎನ್ನಲು ಕಲಿತ. ಅಂಥ ಹಟದ ಹೆಂಗಸು. ಹಾಗಾಗಿ ಅವರಿಗೆ ತೆಲುಗು ತಿಳಿಯುವುದೇ ಇಲ್ಲವೆಂದು ಮನೆಯವರು ನಂಬಿದ್ದರು. ಬಾಯಿ ಬಿಗಿಹಿಡಿದವರ ಕಿವಿಯೂ ಮುಚ್ಚಿರುತ್ತದೆ ಅಂದುಕೊಂಡರೇನೋ, ಪಾಪ.

ಹೊಟ್ಟೆಯ ಕ್ಯಾನ್ಸರಿಗೆ ಕೊಡುತ್ತಿದ್ದ ಇಂಜೆಕ್ಷನ್ ನಿಂತ ಮೇಲೆ ವಾರಕ್ಕೊಮ್ಮೆ ನರ್ಸ್ ಒಬ್ಬಳು ಮನೆಗೇ ಬರತೊಡಗಿದಳು. ಮಗ ನರಹರಿ ತಾಯಿಗೆ ಹೇಳಿದ್ದು ಹುಣ್ಣು, ಮಾಯುತ್ತದೆ ಎಂದು. ನರ್ಸ್ ಜೊತೆ ಮಾತ್ರ ಮಂಚದ ಪಕ್ಕದಲ್ಲೇ ನಿಂತು ತೆಲುಗಿನಲ್ಲಿ ಮಾತಾಡುತ್ತಿದ್ದ. ಇನ್ನು ವಾಸಿಯಾಗುವುದಿಲ್ಲ, ನೋವಿಲ್ಲದೆ ಹೋದರೆ ಸಾಕು ಎಂದು ಅವನು ಅಂದದ್ದು ನಲಿನಿಬಾಯಿಗೆ ಪೂರ್ತಿ ತಿಳಿಯಿತು. ಅದರ ಬೆನ್ನಿಗೇ ನರ್ಸ್ ಹೊಸ ಗುಳಿಗೆ ಕೊಟ್ಟಳು. ನೋವಿಲ್ಲದೆ ಕಳಿಸುವ ಗುಳಿಗೆ ಇದೇ ಇರಬೇಕು ಎಂದುಕೊಂಡರು ನಲಿನಿಬಾಯಿ.

ಅಂದಿನಿಂದ ಗುಳಿಗೆಯನ್ನು ದವಡೆಯಲ್ಲಿ ಒತ್ತಿಟ್ಟುಕೊಂಡು, ಮಗ ಅತ್ತ ಹೋದೊಡನೆ ತೆಗೆದು ಅಡಿಕೆ ಸಂಚಿಗೆ ತುರುಕಿದರು. ನೋವು ಬಂದಾಗ ಸೆರಗು ಕಚ್ಚಿ ಹಿಡಿದರು. ಕಣ್ಣು ಮುಚ್ಚಲೂ ಹೆದರಿಕೆ. ನಿದ್ದೆಯಲ್ಲಿ ಬಾಯಿಗೆ ಹಾಕಿಬಿಟ್ಟರೆ? ಹೆತ್ತ ಮಗ ನೀರಿನ ಲೋಟ ಹಿಡಿದು ಬಂದರೆ ಗೋಡೆಯತ್ತ ಸರಿದುಕೊಳ್ಳುತ್ತಿದ್ದರು. ರೋಗಕ್ಕಿಂತ ಹೆಚ್ಚಾಗಿ ಅವರು ಅದಕ್ಕೇ ನೊಂದರು.

ಮುಂದಿನ ಸಲ ನರ್ಸ್ ಬಂದಾಗ, ಅವ್ವ ಒಂದೇ ಸಮ ನರಳುತ್ತಾಳೆ, ಔಷಧ ನಾಟುತ್ತಿಲ್ಲ ಎಂದು ನರಹರಿ ಅಳುದನಿಯಲ್ಲಿ ಹೇಳಿದ. ಹಾಗಾದರೆ ಡಾಕ್ಟರನ್ನು ಕೇಳಿ ಹೆಚ್ಚು ಮಾಡೋಣ ಎಂದು ಅವಳು ಫೋನ್ ತೆಗೆದಳು. ಇನ್ನೂ ಹೆಚ್ಚು ಎಂದು ಕೇಳಿದ್ದೇ ತಡ, ನಲಿನಿಬಾಯಿ ದಿಂಬಿನಡಿಯ ಸಂಚಿಯನ್ನು ಅವಳ ಮುಂದೆ ಎಸೆದರು.

“ಈ ಗೋಲಿ ನನ್ನು ಚಂಪನೀಕೇನಾ?” ಎಂದರು. ಈ ಗುಳಿಗೆ ನನ್ನನ್ನು ಕೊಲ್ಲಲಿಕ್ಕೇನು ಎಂದು, ಅಚ್ಚ ತೆಲುಗಿನಲ್ಲಿ.

ನರಹರಿ ಸಂಚಿ ಬಿಚ್ಚಿದ; ನುಂಗದೆ ಉಳಿಸಿದ ಗುಳಿಗೆಗಳೆಲ್ಲ ಹೊರಬಿದ್ದವು. ನರ್ಸ್ ಫೋನ್ ಬದಿಗಿಟ್ಟು, ಮಂಚದ ಮೇಲೆ ಕೂತು, ನಲಿನಿಬಾಯಿಯ ಕೈ ಹಿಡಿದು ತೆಲುಗಿನಲ್ಲೇ ನಿಧಾನವಾಗಿ ತಿಳಿಸಿದಳು. ಇದು ಸಾಯಿಸುವುದಿಲ್ಲ, ರೋಗವನ್ನು ಕಳೆಯುವುದೂ ಇಲ್ಲ, ನೋವನ್ನಷ್ಟೇ ತಗ್ಗಿಸುತ್ತದೆ. ಕೊನೆಯವರೆಗೂ ತಾನು ಬರುತ್ತಲೇ ಇರುತ್ತೇನೆ ಅಂದಳು.

ನಲಿನಿಬಾಯಿಯ ಹೆದರಿಕೆ ಅಷ್ಟಕ್ಕೇ ಹೋಗಲಿಲ್ಲ. ಮಗನತ್ತ ತಿರುಗಿದರು.

“ಅಕಿ ಹೇಳಿದ್ದು ತಿಳೀತು. ಈಗ ನೀ ಹೇಳಪಾ, ಕನ್ನಡದಾಗ.”

ನರಹರಿ ತಾಯಿಯ ಕಾಲು ಹಿಡಿದುಕೊಂಡ. “ವಾಸಿ ಆಗಂಗಿಲ್ಲವ್ವಾ. ನನಗ ಭಾಳ ಅಂಜಿಕಿ ಆಗ್ಯದ.”

“ನನಗೂ ಆಗ್ಯದ,” ಎಂದು ನಲಿನಿಬಾಯಿ ಗುಳಿಗೆಗೆ ಕೈ ಚಾಚಿದರು. ನುಂಗಿ, ಮಗನಿಗೆ ಬಾಯಿ ತೆರೆದು ತೋರಿಸಿದರು.