ತಿಂಡಿ ಆಯಿತು, ಊಟ ಆಗಿಲ್ಲ

ಅತಿಥಿಸತ್ಕಾರಕ್ಕಿಂತ ಮಿಗಿಲಾದ ಧರ್ಮ ಈ ಭೂಮಂಡಲದಲ್ಲಿ ಇನ್ನೊಂದಿಲ್ಲವೆಂದು ಬಲ್ಲವರು ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಹಾಗೆ ಹೇಳಿದವರ ಮನೆಗಳಲ್ಲಿ ಎಷ್ಟೆಷ್ಟು ಬಚ್ಚಲುಗಳಿದ್ದವು ಎಂಬುದನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ. ನಮ್ಮ ಮನೆಯಲ್ಲಿರುವುದು ಒಂದೇ ಒಂದು. ಅದರ ಚಿಲಕವೂ ಕೊಂಚ ಮೇಲಕ್ಕೆತ್ತಿ ಎಡಕ್ಕೆ ನೂಕಿದರೆ ಮಾತ್ರ ಬೀಳುವ ಜಾತಿಯದು. ಹೀಗಿದ್ದೂ, ನಾರ್ವೆ ದೇಶದಿಂದ ನಮ್ಮೂರ ಸರ್ಕಾರಿ ಶಾಲೆಗೆ ಸ್ವಯಂಸೇವಕಿಯಾಗಿ ಹತ್ತು ತಿಂಗಳ ಮಟ್ಟಿಗೆ ಬರಲಿರುವ ಹುಡುಗಿಯೊಬ್ಬಳಿಗೆ ಒಂದು ಸಂಸಾರಸ್ಥರ ಮನೆ ಬೇಕೆಂದು ಶಾಲೆಯ ಹೆಡ್‌ಮೇಡಂ ಕೇಳಿದಾಗ, ಹೆಂಡತಿಯ ಕಿವಿಗೆ ಒಂದು ಮಾತನ್ನೂ ಹಾಕದೆ, “ಅದಕ್ಕೇನಂತೆ, ನಮ್ಮನೇಲೇ ಇರ್ಲಿ ಬಿಡಿ” ಎಂದು ಒಪ್ಪಿಕೊಂಡು ಬಂದ ಮಹಾನುಭಾವ ನಾನೇ.

ಹೆಂಡತಿ ಜಯಮ್ಮ ಆ ಸುದ್ದಿಯನ್ನು ಕೇಳಿ ಬಚ್ಚಲಿನ ಕಡೆಗೊಮ್ಮೆ ನೋಡಿದಳು. ಆಮೇಲೆ, “ಸ್ನಾನಕ್ಕೆ ನೀವು ಇನ್ಮೇಲೆ ಐದು ಗಂಟೆಗೇ ಎದ್ದೇಳಿ” ಎಂದಳು. ಮದುವೆಯಾಗಿ ಮಾಲೂರಿಗೆ ಹೋದ ಮಗಳ ಕೋಣೆಯನ್ನು ಗುಡಿಸಿ, ಮಂಚದ ಮೇಲೆ ಹೊಸ ಜಮಖಾನ ಹಾಸಿದಳು. ಅಲ್ಲಿಗೆ ಚರ್ಚೆ ಮುಗಿಯಿತು.

ಬಂದವಳ ಹೆಸರು ಹಾನ್ನೆ. ಅನುಗೊಂಡನಹಳ್ಳಿ ಹೋಬಳಿಯ ನಮ್ಮಂಥ ಊರಿನಲ್ಲಿ ಈ ಹೆಸರು ಒಂದು ದಿನವೂ ಕೆಡದೆ ಉಳಿಯುವಂತಿರಲಿಲ್ಲ. ಸಂಜೆಯೊಳಗೆ ಆಕೆ ಹನುಮಕ್ಕನಾಗಿದ್ದಳು. ಬಕೆಟ್ಟು ಚೊಂಬುಗಳ ಸ್ನಾನವನ್ನೂ ಬಚ್ಚಲಿನ ಚಿಲಕವನ್ನೂ ಎರಡೇ ದಿನದಲ್ಲಿ ಕಲಿತಳು. ಮುದ್ದೆ ಕಲಿಯಲು ಒಂದು ವಾರ ಹಿಡಿಯಿತು, ಏಕೆಂದರೆ ಅದನ್ನು ಅಗಿಯುತ್ತಿದ್ದಳು. ಜಯಮ್ಮ ಎದುರಿಗೆ ಕೂತು, ತುತ್ತು ಮುರಿದು, ಸಾರಿಗೆ ಅದ್ದಿ, ಗುಳುಕ್ಕೆಂದು ನುಂಗಿ ತೋರಿಸುತ್ತಿದ್ದಳು. ಇವಳಿಗೆ ಇಂಗ್ಲಿಷು ಬಾರದು, ಅವಳಿಗೆ ಕನ್ನಡ ಬಾರದು. ಆದರೂ ನಡುಮನೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿಸುಕುತ್ತ, ಸಿಪ್ಪೆಯಿಂದ ಚಿಮ್ಮಿದ ಕಾಳು ನನ್ನ ಪೇಪರಿಗೆ ಬಂದು ಬಡಿದಾಗಲೆಲ್ಲ ಇಬ್ಬರೂ ನಗುತ್ತಿದ್ದುದನ್ನು ನೋಡಿದರೆ, ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ನನಗೆ ಭಾಷೆ ಎಂಬುದರ ಅಗತ್ಯದ ಬಗ್ಗೆಯೇ ಅನುಮಾನ ಬರುತ್ತಿತ್ತು.

ಅನುಮಾನ ಬಂದ ಮೇಲೆ ನಾನು ಸುಮ್ಮನಿರಬಹುದಿತ್ತು. ಆದರೆ ನಿವೃತ್ತನಾದ ಮೇಷ್ಟ್ರ ಕೈಗೆ ವಿದ್ಯಾರ್ಥಿನಿಯೊಬ್ಬಳು ಸಿಕ್ಕರೆ ಏನಾಗುತ್ತದೆಂಬುದು ನಿಮಗೆ ತಿಳಿಯದ್ದಲ್ಲ. ಒಂದು ಬೆಳಿಗ್ಗೆ ಆಕೆ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು “ಊಟ ಆಯಿತು” ಎಂದಳು. ನಾನು ಕೂಡಲೇ ತಿದ್ದಿದೆ. ಉಪ್ಪಿಟ್ಟು ಊಟವಲ್ಲ, ತಿಂಡಿ. ಎಂಟು ಇಡ್ಲಿ ತಿಂದರೂ ಅದು ತಿಂಡಿಯೇ. ಎರಡೇ ತುತ್ತು ಮುದ್ದೆ ನುಂಗಿದರೂ, ಎರಡೇ ಹಿಡಿ ಅನ್ನ ಉಂಡರೂ ಅದು ಊಟ. ತಿಂಡಿಯನ್ನು ತಿನ್ನುತ್ತೇವೆ, ಊಟವನ್ನು ಮಾಡುತ್ತೇವೆ. ಹೊಟ್ಟೆ ತುಂಬುವುದಕ್ಕೂ ಊಟ ಆಗುವುದಕ್ಕೂ ಕನ್ನಡದಲ್ಲಿ ಯಾವ ಸಂಬಂಧವೂ ಇಲ್ಲ. ಹಾನ್ನೆ ಇದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡು ಅಡಿಗೆರೆ ಎಳೆದಳು. ಇಷ್ಟು ಶ್ರದ್ಧೆಯಿಂದ ಅಡಿಗೆರೆ ಎಳೆಯುವ ವಿದ್ಯಾರ್ಥಿಗಾಗಿ ನಾನು ಮೂವತ್ತೊಂದು ವರ್ಷ ಕಾದಿದ್ದೆ. ಆ ಗೆರೆಯೇ ಮುಂದೆ ನಮ್ಮ ಮನೆಯ ಮಾನಕ್ಕೆ ಎರವಾಗುತ್ತದೆಂದು ಆಗ ಹೊಳೆಯಲಿಲ್ಲ.

ನಮ್ಮ ಮನೆಯಿಂದ ಶಾಲೆಗೆ ಹೋಗುವ ದಾರಿಯಲ್ಲಿ ಹನ್ನೊಂದು ಬಾಗಿಲುಗಳಿವೆ. ಬೆಳಿಗ್ಗೆ ಒಂಬತ್ತೂವರೆಗೆ ಅಷ್ಟೂ ಬಾಗಿಲುಗಳಿಂದ ಬರುವ ಪ್ರಶ್ನೆ ಒಂದೇ: “ಊಟ ಆಯ್ತಾ?” ಇದು ಪ್ರಶ್ನೆಯಲ್ಲವೆಂಬುದು ನಮಗೆಲ್ಲ ಗೊತ್ತು. ಎದುರಿಗೆ ಬಸ್ಸು ಹತ್ತುತ್ತಿರುವವನನ್ನು “ಏನು, ಬಸ್ಸಿಗೆ ಹೋಗ್ತಿದೀರಾ?” ಎಂದು ಕೇಳುವ ಜನ ನಾವು, ಉತ್ತರದ ಹಂಗಿಲ್ಲದೆ ಪ್ರಶ್ನೆ ಕೇಳುವುದು ನಮ್ಮಲ್ಲಿ ಪ್ರೀತಿಯ ಒಂದು ಬಗೆ. ಆದರೆ ಹಾನ್ನೆಯ ಮನೆಯಲ್ಲಿ, ಪ್ರಶ್ನೆ ಕೇಳಿದರೆ ಉತ್ತರ ಬೇಕಾಗಿರುತ್ತದಂತೆ. ಆಕೆ ಪ್ರತಿ ಬಾಗಿಲಿನಲ್ಲೂ ನಿಂತು, ಯೋಚಿಸಿ, ವ್ಯಾಕರಣಶುದ್ಧವಾಗಿ, “ಇಲ್ಲ. ಊಟ ಆಗಿಲ್ಲ” ಎಂದು ನಿಜವನ್ನೇ ನುಡಿಯುತ್ತಿದ್ದಳು. ತಿಂಡಿ ಆಗಿತ್ತು. ಆದರೆ ತಿಂಡಿಯ ಬಗ್ಗೆ ಯಾರೂ ಕೇಳಿರಲಿಲ್ಲ.

ಊಟ ಆಗಿಲ್ಲವೆಂದ ಮಗುವನ್ನು ಹಾಗೇ ಕಳಿಸುವ ಹೆಂಗಸು ನಮ್ಮ ಬೀದಿಯಲ್ಲಿಲ್ಲ. ಒಂದು ಮನೆಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಅನ್ನ ಸಾರು, ಮತ್ತೊಂದರಲ್ಲಿ ಬಾಳೆಹಣ್ಣು. ಕೊಟ್ಟಿದ್ದನ್ನು ಬೇಡವೆನ್ನುವುದು ಅಗೌರವವೆಂದು ಯಾವುದೋ ಕೈಪಿಡಿಯಲ್ಲಿ ಓದಿದ್ದ ಹಾನ್ನೆ ಎಲ್ಲವನ್ನೂ ತಿಂದಳು. ಮಧ್ಯಾಹ್ನ ನಮ್ಮ ಮನೆಗೆ ಬಂದು ತಟ್ಟೆಯ ಮುಂದೆ ಕೂತರೆ ಅವಳಿಗೆ ಅರ್ಧ ಮುದ್ದೆಯೂ ಇಳಿಯುತ್ತಿರಲಿಲ್ಲ. ಜಯಮ್ಮ ಮೊದಲು ಖಾರ ಕಡಿಮೆ ಮಾಡಿದಳು, ಆಮೇಲೆ ಹುಳಿ ಕಡಿಮೆ ಮಾಡಿದಳು, ಕೊನೆಗೆ ಬಿಸಿನೀರಿಗೂ ಸಾರಿಗೂ ವ್ಯತ್ಯಾಸ ಬಣ್ಣದಲ್ಲಷ್ಟೇ ಉಳಿಯಿತು. ಅವಳ ಜೊತೆ ಅದನ್ನೇ ಉಂಡ ನನ್ನನ್ನು ಯಾರೂ ವಿಚಾರಿಸಲಿಲ್ಲ.

“ನನ್ ಕೈಯಡಿಗೆ ಆ ಮಗೀಗೆ ಸೇರ್ತಿಲ್ಲ ಕಣ್ರೀ” ಎಂದಳು ಒಂದು ದಿನ, ಉಳಿದ ಮುದ್ದೆಯನ್ನು ನೋಡುತ್ತ. ಅಡುಗೆಯ ಬಗ್ಗೆ ಅವಳು ಹಾಗೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ನಿಜ ಹೊರಬಿದ್ದದ್ದು ಹಾಲಿನ ಡೇರಿಯ ಮುಂದೆ. ಎದುರು ಮನೆಯ ಮುನಿರತ್ನಮ್ಮ, ಸಾಲಿನಲ್ಲಿ ನಿಂತ ಅಷ್ಟೂ ಜನಕ್ಕೆ ಕೇಳುವಂತೆ ಪಿಸುಗುಟ್ಟಿದರಂತೆ: “ಅಲ್ಲ ಕಣೆ ಜಯಮ್ಮಾ, ಆ ಹನುಮಕ್ಕಂಗೆ ಬೆಳಿಗ್ಗೆ ಒಂದ್ ತುತ್ತು ಹಾಕಿ ಕಳ್ಸಕ್ಕಾಗಲ್ವಾ? ದಿನಾ ಹಸ್ಕೊಂಡ್ ಹೋಗ್ತದೆ, ಪಾಪ.”

ಜಯಮ್ಮ ಹಾಲಿನ ಕ್ಯಾನನ್ನು ನನ್ನ ಮುಂದೆ ಕುಕ್ಕಿ, “ಅವಳಿಗೆ ಏನ್ ಕಲ್ಸಿದ್ರಿ?” ಎಂದು ಕೇಳಿದಳು. ನಾನು ತಿಂಡಿಗೂ ಊಟಕ್ಕೂ ಇರುವ ಭೇದವನ್ನು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, “ಇನ್ಮೇಲೆ ಪಾಠ ನಾನೇ ಮಾಡ್ತೀನಿ” ಎಂದಳು. ಅವಳ ಪಾಠ ಒಂದೇ ಸಾಲಿನದು. ಹಾನ್ನೆಯನ್ನು ಕೂರಿಸಿಕೊಂಡು, “ನೋಡಮ್ಮ, ಯಾರು ‘ಆಯ್ತಾ’ ಅಂದ್ರೂ ನಕ್ಕೊಂಡು ‘ಆಯ್ತು’ ಅನ್ನು. ಆಗದಿದ್ರೂ ಆಯ್ತು ಅನ್ನು. ತಿಳೀತಾ?” ಎಂದಳು. ಹಾನ್ನೆ ಬರೆದುಕೊಂಡು ಅಡಿಗೆರೆ ಎಳೆದಳು.

ಅಷ್ಟರಲ್ಲಿ ಸುದ್ದಿ ಬೀದಿಯಿಂದ ಶಾಲೆಗೂ, ಹೆಡ್‌ಮೇಡಂ ಅವರ ಕನಿಕರದ ಮೂಲಕ ಅವಳನ್ನು ಕಳಿಸಿದ್ದ ಸಂಸ್ಥೆಗೂ ಮುಟ್ಟಿತ್ತು. ಆ ವಾರ ಸಂಸ್ಥೆಯ ಪರವಾಗಿ ಬೆಂಗಳೂರಿನಿಂದ ರೂಪಾ ಎಂಬವರು ಬಂದರು. ಮೊದಲ ತಿಂಗಳು ಕಳೆದ ಮೇಲೆ ಸ್ವಯಂಸೇವಕರೊಡನೆ ಕನ್ನಡವನ್ನೇ ಆಡಬೇಕೆಂಬುದು ಅವರ ನಿಯಮ. ಅದರಲ್ಲೂ ಅವರು ಆಡುತ್ತಿದ್ದುದು ಸಿಗ್ನಲ್ ಬೀಳುವ ಮೊದಲು ದಾಟಿಬಿಡಬೇಕೆನ್ನುವ ಬೆಂಗಳೂರಿನ ಕನ್ನಡ.

“ಹಾನ್ನೆ, ಊಟದ್ದು ಇಲ್ಲಿ ನಿಮ್ಗೆ ಸ್ವಲ್ಪ ಕಷ್ಟ ಆಗ್ತಿದೆ ಅಂತ ಗೊತ್ತಾಯ್ತು, ಹೊಸಕೋಟೇಲಿ ಇನ್ನೊಂದು ಮನೆ ನೋಡಿದೀವಿ, ಸೋಮವಾರ ಗಾಡಿ ಕಳಿಸ್ತೀನಿ, ಶಿಫ್ಟ್ ಆಗ್ಬಿಡಿ, ಆಯ್ತಾ?”

ಆ ವಾಕ್ಯದ ಆದಿಯಲ್ಲಿ ಊಟವಿತ್ತು, ಅಂತ್ಯದಲ್ಲಿ ಆಯ್ತಾ ಇತ್ತು. ಹಾನ್ನೆ ಮುಖದ ತುಂಬ ನಕ್ಕು, “ಆಯ್ತು” ಎಂದಳು.

ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಜಯಮ್ಮ ಅದನ್ನು ಕೇಳಿದಳು. ರೂಪಾ ಅವರಿಗೆ ಲೋಟ ಕೊಟ್ಟು, ಸಕ್ಕರೆ ಸಾಕೇ ಎಂದು ವಿಚಾರಿಸಿ, ಒಳಗೆ ಹೋದಳು. ಕೊಂಚ ಹೊತ್ತಿನ ಮೇಲೆ ನಾನು ಅಡುಗೆಮನೆಗೆ ಹೋದಾಗ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು.

“ಕೇಳೋಣ್ವಾ ಅವಳನ್ನ?” ಎಂದೆ.

“ಬ್ಯಾಡ. ಹೋಗ್ತೀನಿ ಅನ್ನೋರನ್ನ ಯಾಕೆ ಅಂತ ಕೇಳಬಾರದು. ನಗ್‌ನಗ್ತಾ ಒಪ್ಕೊಂಡ್ಲಲ್ಲ.”

ನಮ್ಮ ಕಡೆಯ ಮರ್ಯಾದೆ ಎಂಬುದು ಇಂಥ ಸೂಕ್ಷ್ಮ ವಸ್ತು. ಬಾಯಿ ಬಿಟ್ಟು ಒಂದು ಮಾತು ಕೇಳಿದರೆ ಸಂಬಂಧ ಉಳಿದೀತು ಎನ್ನುವಾಗಲೇ ಬಾಯಿ ಮುಚ್ಚಿಸಿಬಿಡುತ್ತದೆ. ನಾನೂ ಮುಚ್ಚಿಕೊಂಡೆ. ಮೂರು ದಿನ ಮನೆಯಲ್ಲಿ ಎಲ್ಲರೂ ಎಲ್ಲರೊಡನೆಯೂ ಬಹಳ ಸೌಜನ್ಯದಿಂದ ನಡೆದುಕೊಂಡೆವು. ಯಾರೊಬ್ಬರೂ ನಗದೆ ಅವರೆಕಾಳು ಹಿಸುಕಿದ್ದು ಆ ಮೂರು ದಿನ ಮಾತ್ರ.

ಭಾನುವಾರ ಮಧ್ಯಾಹ್ನ ಜಯಮ್ಮ ಒಂದು ಡಬ್ಬಿ ಚಟ್ನಿಪುಡಿ, ಒಂದು ಡಬ್ಬಿ ಹುರಿದ ಅವರೆಕಾಳು ತಂದು ಹಾನ್ನೆಯ ಮಂಚದ ಮೇಲಿಟ್ಟಳು.

“ಇದು ಯಾರಿಗೆ?” ಎಂದಳು ಹಾನ್ನೆ.

“ನಿಂಗೇ ಕಣಮ್ಮ. ಆ ಮನೇಲಿ ಹೆಂಗ್ ಮಾಡ್ತಾರೋ ಏನೋ.”

“ಯಾವ ಮನೆ?”

“ನಾಳೆ ಹೋಗ್ತೀಯಲ್ಲ, ಹೊಸಕೋಟೆಗೆ.”

ಹಾನ್ನೆ ಡಬ್ಬಿಯನ್ನೂ ಜಯಮ್ಮನನ್ನೂ ನೋಡಿದಳು. ಆಮೇಲೆ ಬಾಗಿಲಲ್ಲಿದ್ದ ನನ್ನನ್ನು ನೋಡಿ, ಒಂದೊಂದೇ ಪದ ಜೋಡಿಸಿ, “ನಾನು ಏನು ತಪ್ಪು ಮಾಡಿದೆ?” ಎಂದು ಕೇಳಿದಳು. ಕಣ್ಣು ತುಂಬಿತ್ತು. ಮೂರು ದಿನಗಳಿಂದ ನಾವೇಕೆ ನಗುತ್ತಿಲ್ಲವೆಂದು ಅವಳೂ ಒಳಗೊಳಗೇ ಲೆಕ್ಕ ಹಾಕುತ್ತಿದ್ದಳೆಂದು ಕಾಣುತ್ತದೆ.

ನಾನು ಇಂಗ್ಲಿಷಿನಲ್ಲಿ ವಿಚಾರಿಸಿದೆ. ಹೋಗಲು ಒಪ್ಪಿದ್ದು ಏಕೆ? ಒಪ್ಪಿಯೇ ಇಲ್ಲ. ಆಯ್ತು ಎಂದೆಯಲ್ಲ? ಆಕೆ ಪುಸ್ತಕ ತೆಗೆದು, ಅಡಿಗೆರೆ ಎಳೆದ ಸಾಲನ್ನು ಬೆರಳಿಟ್ಟು ತೋರಿಸಿದಳು. ನಾನು ಅದನ್ನು ಹೆಂಡತಿಗೆ ಓದಿ ಹೇಳಿದೆ. ಕೊಂಚ ನಿಧಾನವಾಗಿಯೇ ಓದಿದೆನೆಂದು ಒಪ್ಪಿಕೊಳ್ಳುತ್ತೇನೆ.

ಜಯಮ್ಮ ಮಂಚದ ಮೇಲೆ ಕೂತುಬಿಟ್ಟಳು. “ಅದು ಊಟಕ್ಕೆ ಹೇಳಿದ್ದು ಕಣೇ, ಮಂಕೇ” ಎಂದಳು. ಅದುವರೆಗೆ ‘ಅಮ್ಮ’ ಹಚ್ಚಿಯೇ ಮಾತಾಡಿಸುತ್ತಿದ್ದವಳು ಮಗಳನ್ನು ಬೈಯುವ ಹಾಗೆ ಬೈದದ್ದು ಅದೇ ಮೊದಲು. ಹಾನ್ನೆಗೆ ‘ಮಂಕೆ’ ತಿಳಿಯಲಿಲ್ಲ, ದನಿ ತಿಳಿಯಿತು. ಇಬ್ಬರೂ ಅಳುತ್ತಿದ್ದರೋ ನಗುತ್ತಿದ್ದರೋ ಎಂಬುದನ್ನು ನಿರ್ಧರಿಸುವುದು ನನ್ನ ಕೆಲಸವಲ್ಲವೆಂದು ನಾನು ಫೋನು ತರಲು ಹೋದೆ.

ರೂಪಾ ಅವರು ನನ್ನ ಮಾತನ್ನೆಲ್ಲ ಕೇಳಿ, “ಅವ್ರ ಬಾಯಲ್ಲೇ ಕೇಳ್ಬೇಕು ಸಾರ್, ರೂಲ್ಸು” ಎಂದರು. ಫೋನನ್ನು ಹಾನ್ನೆಗೆ ಕೊಟ್ಟೆ. ಅತ್ತ ಕಡೆಯಿಂದ ದೊಡ್ಡದೊಂದು ವಾಕ್ಯ ಬಂತು. ನಡುವೆ ‘ನಾಳೆ ಗಾಡಿ’, ಕೊನೆಯಲ್ಲಿ ‘ಆಯ್ತಾ’ ಇದ್ದದ್ದು ನಮಗೂ ಕೇಳಿಸಿತು. ಹಾನ್ನೆ ಜಯಮ್ಮನ ಮುಖ ನೋಡಿದಳು. ಜಯಮ್ಮ ತಲೆಯಲ್ಲಾಡಿಸಿ, ತುಟಿಯಲ್ಲೇ ಒಂದು ಪದ ಹೇಳಿಕೊಟ್ಟಳು.

“ಆಗಲ್ಲ” ಎಂದಳು ಹಾನ್ನೆ.

ಸೋಮವಾರ ಗಾಡಿ ಬರಲಿಲ್ಲ. ಅವಳು ಹತ್ತು ತಿಂಗಳೂ ನಮ್ಮ ಮನೆಯಲ್ಲೇ ಇದ್ದಳು.