ಗೇಣು ಹಾಕಲು ಬಂದವರು

ಅಪ್ಪನಿಗೆ ಸರ್ಪಸುತ್ತು ಎದ್ದಿದೆ ಎಂದು ಫೋನ್ ಬಂದಾಗ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುತ್ತಿದ್ದವಳು ಹಾಗೇ ಎದ್ದು ಮಡಕಶಿರದ ತವರಿಗೆ ಬಂದೆ. ಪಕ್ಕೆಯ ತುಂಬ ಕೀವುಗುಳ್ಳೆ, ಅದರ ಮೇಲೆ ಯಾರೋ ಬಳಿದ ಕೆಮ್ಮಣ್ಣು, ಕೆಮ್ಮಣ್ಣಿನ ಮೇಲೆ ನೊಣ. ಅದಕ್ಕಿಂತ ಹೇಸಿಗೆಯಾದದ್ದು ಸುತ್ತ ಕೂತಿದ್ದ ಜನರನ್ನು ನೋಡಿ.

ಬಂದವರೆಲ್ಲ ಅಪ್ಪನ ಅಂಗಿ ಎತ್ತುವವರೇ. ಗುಳ್ಳೆಸಾಲಿನ ಒಂದು ತುದಿ ಹಾವಿನ ತಲೆಯಂತೆ, ಇನ್ನೊಂದು ಬಾಲವಂತೆ, ಎರಡೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲವಂತೆ. ನಡುವೆ ಎಷ್ಟು ಜಾಗವಿದೆ ಎಂದು ಗೇಣು ಹಾಕುತ್ತಿದ್ದರು.

"ನೆನ್ನೆ ಮೂರು ಗೇಣಿತ್ತು, ಇವತ್ತು ಎಲ್ಡೇ ಕಣ್ರಮ್ಮ!" ಅಪ್ಪನ ಅಕ್ಕ, ನನ್ನ ಸೋದರತ್ತೆ, ಅವನೆದುರೇ ಸಾರಿದಳು. ನಿನ್ನೆ ಅಳೆದದ್ದು ಪಕ್ಕದ ಮನೆ ಸೊಸೆಯ ಪುಟ್ಟ ಕೈಯಲ್ಲಂತೆ. ಇವತ್ತಿನದು ಅತ್ತೆಯ ಮೊರದಂಥ ಕೈ. ಟೇಪು ಹಿಡಿದು ಬದುಕುವ ನನಗೆ ಮೈಯೆಲ್ಲ ಉರಿಯಿತು. ಬಯಲಲ್ಲಿ ಕುರಿಗಳ ಜೊತೆ ಒಬ್ಬನೇ ಮಲಗುತ್ತಿದ್ದ ಅಪ್ಪ ಈ ಅಳತೆಗೆ ಹೆದರಿ ಕಣ್ಣು ಮುಚ್ಚುವುದನ್ನೇ ಬಿಟ್ಟಿದ್ದ.

ಅಪ್ಪನನ್ನು ನೋಡಿದ್ದ ಡಾಕ್ಟರ ಹತ್ತಿರ ಓಡಿದೆ. ಅವರು ತೆಲುಗಿನಲ್ಲಿ ಬಿಡಿಸಿ ಹೇಳಿದರು. ಚಿಕ್ಕಂದಿನಲ್ಲಿ ಮೈಮೇಲೆ ಅಮ್ಮ, ಅಂದರೆ ಸೀತಾಳೆ ಸಿಡುಬು, ಎದ್ದಿರುತ್ತದಲ್ಲ, ಆ ರೋಗದ ವೈರಸ್ಸು ನರದೊಳಗೆ ಅಡಗಿ ಕೂತಿರುತ್ತದಂತೆ. ಮೈಯ ಕಾವಲು ಸಡಿಲವಾದಾಗ ಅದೇ ನರ ಹಿಡಿದು ಹೊರಗೆ ಬರುತ್ತದೆ. ಆ ನರ ಒಂದೇ ಮಗ್ಗುಲಿನದು. ಭಯ, ನಿದ್ದೆಗೇಡು ಸೇರಿದರೆ ಕಾವಲು ಇನ್ನಷ್ಟು ಕೆಡುತ್ತದೆ. ಮಾತ್ರೆ ನಾನು ಕೊಟ್ಟಿದ್ದೇನೆ, ನಿದ್ದೆ ನೀವು ಕೊಡಿಸಿ ಎಂದರು.

ವಾಪಸು ಬಂದರೆ ಮತ್ತೆ ಅಂಗಿ ಎತ್ತಿದ್ದರು.

"ಎದ್ದು ಹೋಗ್ರಿ ಎಲ್ಲಾರೂ! ಹೆಣ ಕಾಯಾಕ ಬಂದೀರೇನ್ರಿ?" ಸಿಟ್ಟಿಗೆ ರಾಯದುರ್ಗದ ಮಾತೇ ಬಾಯಿಗೆ ಬಂತು.

"ಕೊನೇಗಾಲ್ದಾಗೆ ತಮ್ಮನ್ ಮಕ ನೋಡಕ್ಕೂ ಬಿಡಲ್ವೇನೇ?" ಎಂದಳು ಅತ್ತೆ. ಥೂ, ಅದೂ ಒಂದು ಬಾಯಾ! ಎಲ್ಲರನ್ನೂ ಹೊರಗಟ್ಟಿ ಚಿಲಕ ಹಾಕಿದೆ.

"ನಾನು ಸಾಯ್ತೀನೇನವ್ವ?" ಅಪ್ಪ ಕೇಳಿದ.

ಅವನ ಬೆನ್ನಮೂಳೆಯ ಮೇಲೆ ಬೆರಳೆಳೆದೆ. "ಇದು ಹೊಲದ ಬದು ಅಂದ್ಕಳಪ್ಪ. ಆ ಕಡೆ ನರ ಈ ಕಡೀಕೆ ದಾಟಲ್ಲ. ತಲೆ ಬಾಲ ಸೇರೋದೇ ಇಲ್ಲ."

"ಹಂಗಾ?" ಎಂದು ಗೋಡೆ ಕಡೆ ಹೊರಳಿದ. ಸ್ವಲ್ಪ ಹೊತ್ತಿಗೇ ಗೊರಕೆ ಶುರುವಾಯಿತು. ನಾನು ಕಣ್ಣೊರೆಸಿಕೊಂಡೆ.

ಅತ್ತೆ ಜಗಲಿ ಬಿಟ್ಟು ಹೋಗಿರಲಿಲ್ಲ. ಕಿಟಕಿಗೆ ಕಿವಿ ಕೊಟ್ಟು ಕೂತಿದ್ದಳು. ಗೊರಕೆ ಕೇಳಿದ್ದೇ ತಡ, "ಮೇಲುಸಿರು ಎಳೀತಾವ್ನೆ! ಅಯ್ಯೋ ನನ್ ತಮ್ಮಾ!" ಎಂದು ಎದೆ ಬಡಿದುಕೊಂಡು ಅಳತೊಡಗಿದಳು. ಉಳಿದವರೂ ದನಿಗೂಡಿಸಿದರು.

ಅಪ್ಪ ದಡಕ್ಕನೆ ಎದ್ದು ಕೂತ.

"ಯಾರು ಹೋದ್ರವ್ವ?" ಎಂದ.