ಸಕ್ರಿ ಹಂಚಿದ ದಿನ

ರೋಮಿನ ಪೋಪ್ ತೀರಿಕೊಂಡಾಗ ನವನಗರದಾಗ ನಮ್ಮ ಬಾಜೂಮನಿ ಕ್ರಿಶ್ಚನ್ ನರ್ಸಬಾಯಿ ಟಿವಿ ಮುಂದ ಕುಂತು ಅತ್ತಳು. ಯುದ್ಧ ಬ್ಯಾಡ ಅಂತ ಪೋಪರು ಸಾಯೂತನಕ ಹೇಳಿದ್ರಂತ. ಹೆಣದ ಮುಂದ ನಿಂತ ದೇಶದೇಶದ ಮಂತ್ರಿಗಳನ್ನ ನೋಡಿ ನಾ, "ಇದ್ದಾಗ ಮಾತು ಕೇಳಲಿಲ್ಲ, ಈಗ ಕೈಮುಗಿತಾರ ಭಾಡ್ಯಾಗೋಳು" ಅಂತ ಬೈದೆ.

ಮುಂದ ಗಡಿಯಾಗ ಯುದ್ಧ ಹತ್ತಿತು. ನಮ್ಮವರು ಬಾಂಬ್ ಹಾಕಿದ ಖುಷಿಗೆ ಓಣಿ ತುಂಬ ಸಕ್ರಿ ಹಂಚಿದೆ. ನರ್ಸಬಾಯಿ ಮನಿಗೂ ಹೋದೆ.

"ನನಗ ಬ್ಯಾಡ್ರಿ ಅಮ್ಮಾರ."

"ಯಾಕ, ಸಕ್ರಿ ಬ್ಯಾನಿ ಬಂತೇನ?" ಅಂತ ನಕ್ಕೆ.

"ನನ್ನ ಮಗ ಅಲ್ಲೇ ಅದಾನ್ರಿ. ಆ ಕಡಿನೂ ತಾಯಂದಿರು ಇರ್ತಾರ."

ಮಗ ಫೌಜಿನ್ಯಾಗ ಇರೂದು ನನಗ ಗೊತ್ತಿತ್ತು. ಖುಷಿಯೊಳಗ ಮರ್ತಿದ್ದೆ. ಆ ಮಂತ್ರಿಗಳಿಗೂ ನನಗೂ ಏನ ಫರಕ ಉಳೀತು? ಬಟ್ಟಲ ಸೆರಗಿನ್ಯಾಗ ಮುಚ್ಚಿಕೊಂಡು ಹೊಳ್ಳಿ ಬಂದೆ. ಉಳಿದ ಸಕ್ರಿ ಚಾಕ್ಕ ಹಾಕಾಕ ಇನ್ನೂ ಮನಸ್ಸಾಗವಲ್ದು.